ಸಂಗಪ್ಪನ ಕೆಂಪು ಬಟ್ಟಲು

ಈ ಮಳೆಗಾಲ ಮುಗಿಯುವುದರೊಳಗೆ ಒಂದು ಬಟ್ಟಲಣಬೆಯನ್ನಾದರೂ ಗುರುತಿಸಿಯೇ ತೀರುತ್ತೇನೆ ಎಂದು ಘಾಟ್ಕೋಪರಿನ ಸಂಗಪ್ಪ ಮೀಸೆ ತಿರುವಿ ಘೋಷಿಸಿದ್ದ! ಕಾರಣವಿತ್ತು. ಮಾಟುಂಗದ ಕನ್ನಡ ಸಂಘದ ನಿಸರ್ಗ ಬಳಗವಿದೆಯಲ್ಲ, ಅದರ ವಾಟ್ಸಾಪಿನಲ್ಲಿ ಹೋದ ವರ್ಷ ಅವನು ಹಾಕಿದ 'ಅಪರೂಪದ ಅಣಬೆ' ಯಾರೋ ತಿಂದೆಸೆದ ಕಿತ್ತಳೆ ಸಿಪ್ಪೆ ಎಂದು ಸಾಬೀತಾಗಿತ್ತು. ಅಂದಿನಿಂದ ಅವನು 'ಸಿಪ್ಪೆ ಸಂಗಪ್ಪ'. ಪಾಪ, ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲೂ ಹಾಗೇ ಕರೆಯುತ್ತಿದ್ದರು.

ಶ್ರಾವಣ ಶುಕ್ರವಾರ ಬೆಳಿಗ್ಗೆ, ಬಿಲ್ಡಿಂಗಿನ ಹಿಂದಿನ ಗುಡ್ಡದ ಮರಗಳ ನಡುವೆ, ಕೊಳೆತ ಟೊಂಗೆಯ ಮೇಲೆ ಪುಟ್ಟ ಪುಟ್ಟ ಕೆಂಪು ಬಟ್ಟಲುಗಳು! ಮುಟ್ಟಿದ; ಸಿಪ್ಪೆಯಲ್ಲ. ಮೂಸಿದ, ಕಿತ್ತಳೆ ವಾಸನೆಯಿಲ್ಲ. ಟೊಂಗೆಯನ್ನು ಕೂಸಿನಂತೆ ಎತ್ತಿ ತಂದು ಹೆಂಡತಿ ರುದ್ರವ್ವನ ಮುಂದಿಟ್ಟ.

"ನೋಡs, ಏನ್ ತಂದೀನಿ!"

"ಅಯ್ಯ, ಎಷ್ಟ್ ಚಂದ ಅದಾವ್ರೀ!" ರುದ್ರವ್ವನ ಮುಖ ಅರಳಿತು. ಹೆಚ್ಚು ವಿವರಿಸಲು ಪುರುಸೊತ್ತಿಲ್ಲದೆ ಸಂಗಪ್ಪ ಆಫೀಸಿಗೆ ಓಡಿದ.

ಸಂಜೆ ಬಂದವನೇ ಭೂತಗನ್ನಡಿ ಹಿಡಿದು ಕಿರುಚಿದ. ಬಟ್ಟಲುಗಳ ತುಂಬ ನುಣ್ಣನೆಯ ಕೆಂಪು ಪುಡಿ! ಬೆಳಿಗ್ಗೆ ಇರಲೇ ಇಲ್ಲ! ಅಣಬೆ ಬೀಜಕ ಉದುರಿಸಿದೆ, ಅದೂ ಕಂಡು ಕೇಳರಿಯದಷ್ಟು! 'ಹೊಸ ಜಾತಿ ಪತ್ತೆ! ಹೆಸರು ಸಂಗಪ್ಪಾಣಬೆ!' ಎಂದು ಬಳಗಕ್ಕೆ ಸಾರಿಯೇಬಿಟ್ಟ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ವೈಶಾಲಿ ಬಳಗದವರನ್ನೆಲ್ಲ ಕಟ್ಟಿಕೊಂಡು ಓಡಿಬಂದಳು. ಲೆನ್ಸ್ ಹಿಡಿದು ಬಗ್ಗಿದಳು.

"ಅಂಕಲ್, ಬಟ್ಟಲಣಬೆ ಪಕ್ಕಾ. ಕಾಂಗ್ರ್ಯಾಟ್ಸ್!"

ಗೆದ್ದ! ಸಿಪ್ಪೆಯ ಕಳಂಕ ತೊಳೆದುಹೋಯಿತು! ಅಷ್ಟಕ್ಕೇ ಸುಮ್ಮನಿದ್ದರೆ ಅವನು ಸಂಗಪ್ಪನೇ ಅಲ್ಲ.

"ಅದಿರ್ಲಿ, ಆ ಪುಡಿ ನೋಡ್ರಿ ಮೇಡಂ! ಜಗತ್ತಿನ್ಯಾಗ ಎಲ್ಲ್ಯರೆ ನೋಡೀರೇನು?"

ವೈಶಾಲಿ ಬೆರಳದ್ದಿ ಮೂಸಿದಳು. ಆಮೇಲೆ ಅದನ್ನು ನಿಧಾನವಾಗಿ ಹಣೆಗೆ ಹಚ್ಚಿಕೊಂಡಳು.

"ನೋಡಿದೀನಿ ಅಂಕಲ್. ನಮ್ಮ ಮನೇಲೂ ಇದೆ."

ಅಡುಗೆಮನೆಯ ಬಾಗಿಲಲ್ಲಿ ರುದ್ರವ್ವ ನಾಚಿ ನಿಂತಿದ್ದಳು. "ಮದಿವ್ಯಾಗಿ ಇಷ್ಟ್ ವರ್ಷಕ್ಕ ಶುಕ್ರವಾರದ ಅರಿಷಿಣ-ಕುಂಕುಮಕ್ಕ ನೀವಾಗೇ ಬಟ್ಟಲಾ ತಂದೀರಿ ಅಂತ ಭಾಳ ಹಿಗ್ಗಾತ್ರಿ. ಬಿಲ್ಡಿಂಗಿನ ಹೆಣ್ಮಕ್ಕಳೆಲ್ಲ ಅದರಾಗಿಂದs ಹಚ್ಕೊಂಡ್ ಹೋದ್ರು!"

ಆ ಹಿಗ್ಗನ್ನು ಕಂಡ ಮೇಲೆ ಸಂಗಪ್ಪನಿಗೆ ಬೈಯಲು ಬಾಯಿಯೇ ಬರಲಿಲ್ಲ. "ಹೌದು, ನಿನಗಂತs ತಂದಿದ್ದೆ" ಎಂದುಬಿಟ್ಟ.

ಮರುದಿನ ಲೋಕಲ್ಲಿನಲ್ಲಿ ಅವನನ್ನು ಯಾರೂ 'ಸಿಪ್ಪೆ ಸಂಗಪ್ಪ' ಎನ್ನಲಿಲ್ಲ. ಬಳಗದವರು ಸರಿದು ಕೂತು ಜಾಗ ಮಾಡಿಕೊಟ್ಟರು:

"ಬರ್ರಿ, ಬರ್ರಿ, ಕುಂಕುಮದ ಸಂಗಪ್ಪ!"