ಹಾಡಿನ ನಡುವೆ ಕೂಗಿದ ಹೆಸರು

ಮುಂಬೈಗೆ ಲಾರಿ ಹೊಡೆಯುವ ಖಾದರ ತಂದುಕೊಟ್ಟ ಆ ಕ್ಯಾಸೆಟ್ಟಿನಲ್ಲಿ ಒಬ್ಬ ಮನುಷ್ಯ ಹಾಡು ನಡೆದಿರುವಾಗಲೇ ಅಡ್ಡ ಬಾಯಿ ಹಾಕಿ ಕೂಗುತ್ತಿದ್ದ. ರೋಣದ ಬಸ್ ನಿಲ್ದಾಣದ ಎದುರು ಕ್ಯಾಸೆಟ್ ಅಂಗಡಿ ಇಟ್ಟಿದ್ದ ಶಾಹೀದನಿಗೆ 2003ರ ಚಳಿಗಾಲವೆಲ್ಲ ಅದೇ ಒಗಟಾಯಿತು. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೆ. ಜಗಳವಂತೂ ಅಲ್ಲ, ಜಾಹೀರಾತೂ ಅಲ್ಲ. ಮೇಲೆ ಕೋಳಿ ತಿಪ್ಪೆ ಕೆದರಿದಂತೆ ಚಿಕ್ಕಿಚಿಕ್ ಸದ್ದು ಬೇರೆ.

ಖಾದರ ಮತ್ತೆ ಊರಿಗೆ ಬಂದಾಗ ಹಿಡಿದು ಕೂಡಿಸಿ ಕೇಳಿದ. “ಅಂವಾ ಯಾರನ್ನ ಒದರ್ತಾನ ಭಾಯಿ?”

“ಅಂವಾ ಡಿಜೆ. ಹಾಡಿಗೆ ಹಾಡು ಕೂಡಿಸಿ ಮಿಕ್ಸ್‌ಟೇಪ್ ಮಾಡ್ತಾನ. ನಡುವ ತನ್ನ ಹೆಸರು, ತನ್ನ ಓಣಿ ದೋಸ್ತರ ಹೆಸರು ಒದರ್ತಾನ. ಕೇಳಿದವ್ರು ಖುಷ್!”

“ಚಿಕ್ಕಿಚಿಕ್?”

“ತಿರಗೋ ರೆಕಾರ್ಡ್ ಕೈಲೆ ಹಿಂದ ಮುಂದ ತಿಕ್ಕತಾರಂತ.”

ಮರುದಿನ ಸಂಜೆ ಗದಗಿನಿಂದ ಕ್ಯಾಸೆಟ್ ವ್ಯಾಪಾರಿ ಪ್ರಾಣೇಶರು ಬರುವವರಿದ್ದರು. ಹೊಸ ನಮೂನೆಯದೇನಾದರೂ ಇದ್ದರೆ ನರಗುಂದ, ಗಜೇಂದ್ರಗಡದ ಅಂಗಡಿಗಳಿಗೆಲ್ಲ ಹಾಕುವುದಾಗಿ ಮಾತು ಕೊಟ್ಟಿದ್ದರು. ಶಾಹೀದ ಬೆಳಿಗ್ಗೆಯೇ ಬಾಗಿಲು ಅರ್ಧ ಎಳೆದುಕೊಂಡು ಮೈಕಿನ ಮುಂದೆ ಕೂತ. ತಿಕ್ಕಲು ರೆಕಾರ್ಡ್ ಇರಲಿಲ್ಲ, ಚೀಲದ ಜಿಪ್ಪನ್ನೇ ಮೇಲೆ ಕೆಳಗೆ ಎಳೆದ. ಜನಪದ ಹಾಡಿನ ನಡುವೆ ಕೂಗಿದ: “ಡಿಜೆ ಶಾಹೀದ, ರೋಣ! ಚಹಾದಂಗಡಿ ಮುಕುಂದಣ್ಣಗ ಸಲಾಂ!”

ಸ್ಪೀಕರ್ ಹಚ್ಚಿದ್ದೇ ತಡ, ಪಕ್ಕದ ಮುಕುಂದ ಕೈಯಲ್ಲಿ ಚಹಾ ಸೋಸುವ ಅರಿವೆ ಹಿಡಿದುಕೊಂಡೇ ಓಡಿ ಬಂದ. ಅವನ ಬೆನ್ನಿಗೇ ಬಳೆ ಮಾರುವ ಕಾಶೀಂಬಿ.

“ನೀ ಹುಟ್ಟಿದಾಗ ಬಿಸಿನೀರು ಕಾಸಿದಾಕಿ ನಾನು. ಚಹಾ ಮಾರಾಂವಗ ಸಲಾಂ, ನನಗೇನೂ ಇಲ್ಲ?”

ಶಾಹೀದ ಹಾಡಿನ ಒಂದು ನುಡಿ ಅಳಿಸಿ ಅವಳ ಹೆಸರು ಸೇರಿಸಿದ. ಅಷ್ಟರಲ್ಲಿ ಲೀಲಾಬಾಯಿ ಬಂದರು. “ನನ್ನ ಹೆಸರಿನ ಹಿಂದ ‘ನಿವೃತ್ತ ಮುಖ್ಯೋಪಾಧ್ಯಾಯಿನಿ’ ಅಂತ ಬರಬೇಕು. ಉಚ್ಚಾರ ತಪ್ಪಬಾರದು.” ಆ ಶಬ್ದ ಒಂದೇ ಇಡೀ ಪಲ್ಲವಿಯನ್ನು ನುಂಗಿತು. ಕಾಶೀಂಬಿಯ ಹೆಸರು ಎರಡು ಸಲ ಬಂದಿದೆ ಎಂದು ಮುಕುಂದ ಮತ್ತೆ ಬಂದು ಜಗಳ ತೆಗೆದ. ಮಧ್ಯಾಹ್ನಕ್ಕೆ ಅಂಗಡಿ ಮುಂದೆ ರೇಷನ್ ಸೀಮೆಎಣ್ಣೆ ಬಂದಾಗಿನಷ್ಟು ಉದ್ದ ಪಾಳಿ. ಹೆಸರು ಏರಿದಂತೆ ಹಾಡು ಇಳಿಯಿತು. ಶಾಹೀದನ ಗಂಟಲು ಎಣ್ಣೆ ಕಾಣದ ಬಂಡಿಗಾಲಿಯಾಯಿತು.

ಸಂಜೆ ಪ್ರಾಣೇಶರು ಬಂದು ಕಣ್ಣು ಮುಚ್ಚಿ ಕೇಳಿದರು. ಭಾಳ ಹೊತ್ತಿನ ಮೇಲೆ ಒಂದು ಕಣ್ಣು ತೆರೆದರು.

“ಹಾಡು ಯಾವಾಗ ಚಾಲೂ ಆಗ್ತದಪಾ?”

“ಆಗಿ ಮುಗದೈತ್ರಿ.”

“ಇದನ್ನ ಯಾರು ಕೇಳ್ತಾರೋ ಮಾರಾಯಾ!” ಎಂದವರೇ ಪ್ರಾಣೇಶರು ಗದಗ ಬಸ್ಸಿನತ್ತ ಓಡಿದರು.

ಶಾಹೀದ ತಲೆ ಮೇಲೆ ಕೈಹೊತ್ತು ಕೂತ. ಆಗ ರೇಡಿಯೊ ಸೆಲ್ ಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದ ಅಬ್ಬಿಗೇರಿಯ ಸಣ್ಣಪ್ಪ ಎಂಬವನು, “ಅದನ್ನ ಇನ್ನೊಮ್ಮೆ ಹಚ್ರಿ” ಅಂದ. ಹಚ್ಚಿದ. ಸಣ್ಣಪ್ಪ ಕೇಳುತ್ತ ಬೀದಿಯ ಕಡೆಗೇ ನೋಡುತ್ತಿದ್ದ. ಮುಖ ಅರಳಿತು.

“ಇಂಥಾವು ಐದು ಮಾಡಿಕೊಡ್ರಿ. ನಮ್ಮ ಊರವರೆಲ್ಲಾ ಒಯ್ತಾರ.”

ಶಾಹೀದನ ಕಣ್ಣು ತೇವವಾದವು. ಕಡೆಗೂ ತಿಳಿದವನೊಬ್ಬ ಸಿಕ್ಕ! “ನಿಮಗ ಈ ಡಿಜೆ ಸಂಗೀತ ಅಷ್ಟ ಹಿಡಿಸ್ತೇನ್ರಿ?”

“ಸಂಗೀತ ತಗೊಂಡೇನ ಮಾಡೂದ್ರಿ? ಜ್ವಾಳದ ತೆನಿ ಹಾಲುಗಾಳು ಹಿಡದಾವ. ಗುಬ್ಬಿ ಓಡಸಾಕ ಕವಣಿ ಬೀಸಿ ಬೀಸಿ ರಟ್ಟಿ ಬಿದ್ದು ಹೋಗ್ಯಾವ. ಈಗ ಆ ಬೀದಿ ಕರೆಂಟ್ ತಂತಿ ಮ್ಯಾಲ ಎಷ್ಟು ಗುಬ್ಬಿ ಕುಂತಿದ್ವು! ಚಿಕ್ಕಿಚಿಕ್ ಅಂತು, ನೀವು ಒದರಿದ್ರಿ, ಒಂದರೆ ಉಳೀತೇನ್ ನೋಡ್ರಿ!”

ಶಾಹೀದ ರೆಕಾರ್ಡರಿಗೆ ಖಾಲಿ ಕ್ಯಾಸೆಟ್ಟು ತುರುಕಿದ. ಕಾಶೀಂಬಿ ಇಣುಕಿದಳು.

“ನನ್ನ ಹೆಸರು ಬ್ಯಾರೆ ಊರಿಗೆ ಹೊಂಟತೇನೋ?”

“ಹೌದ ಖಾಲಾ. ಅಬ್ಬಿಗೇರಿ ಹೊಲದ ಮಟಾ.”

“ಹೊಲದಾಗ ಗಾಳಿ ಭಾಳ,” ಅಂದಳು ಕಾಶೀಂಬಿ. “ಇನ್ನಷ್ಟು ಜೋರಲೆ ಒದರು.”