ಹರಿಣಾಕ್ಷಿಯ ಬಿಸಿ ಚಾ

ಶಾಲೆ ಶುರುವಾಗುವ ದಿನ ಬೆಳಗ್ಗೆ ಹರಿಣಾಕ್ಷಿ ಹಾಡು ಗುನುಗಿದ್ದೇ ತಪ್ಪಾಯಿತು.

ಗುನುಗದೆ ಪಾಪ, ಏನು ಮಾಡಿಯಾಳು? ಮಗ ಮನ್ವಿತ್ ಹುಟ್ಟಿದಂದಿನಿಂದ ಆಕೆ ಕೂತು ಬಿಸಿ ಚಾ ಕುಡಿದವಳಲ್ಲ. ಸ್ನಾನಕ್ಕೆ ಹೋದರೆ ಬಾಗಿಲು ಬಡಿಯುತ್ತಾನೆ, ಕಣ್ಣು ಮುಚ್ಚಿದರೆ ರೆಪ್ಪೆ ಎತ್ತಿ ನೋಡುತ್ತಾನೆ. ಅಂಗನವಾಡಿಗೆ ಕಳಿಸಿದ್ದೂ ಆಯಿತು. ಅದು ಮನೆಯ ಹಿಂದೆಯೇ ಇದ್ದುದರಿಂದ, ಆಕೆ ಬಿಟ್ಟು ಬರುವುದರೊಳಗೆ ಮಗ ಬೇಲಿ ಹಾರಿ ಜಗಲಿಯಲ್ಲಿ ಕೂತಿರುತ್ತಿದ್ದ. ಇವತ್ತಿನಿಂದ ಹಾಗಲ್ಲ. ಇವತ್ತಿನಿಂದ ಮಾಣಿ ಊರಿನ ಪೇಟೆ ಹತ್ತಿರದ ಸರಕಾರಿ ಶಾಲೆಯ ಎಲ್‌ಕೆಜಿ. ಆ ಶಾಲೆಗೆ ಗೇಟು ಉಂಟು. ಗೇಟಿಗೆ ಬೀಗವೂ ಉಂಟು!

ಮಗನಿಗೆ ಹೊಸ ಚೀಲ ಹಾಕಿ, "ಮೊದಲು ಸ್ವಲ್ಪ ಬೇಜಾರಾಗ್ತದೆ ಮಗಾ, ಅಳ್ಬೇಡ. ಎರಡು ದಿನದಲ್ಲಿ ಅಭ್ಯಾಸ ಆಗ್ತದೆ" ಎಂದು ಬುದ್ಧಿ ಹೇಳಿದಳು. ಆಮೇಲೆ ಶುಂಠಿ ಜಜ್ಜಿ ಹಾಕಿದ ಚಾ ಕಾಯಿಸಿ ಫ್ಲಾಸ್ಕಿಗೆ ಸುರಿದಳು. ಪಕ್ಕದಲ್ಲಿ ರಸ್ಕ್ ಇಟ್ಟಳು. ಹತ್ತೂವರೆಗೆ ಟಿವಿಯಲ್ಲಿ ಧಾರಾವಾಹಿಯ ಕೊನೆಯ ಕಂತಿನ ಮರುಪ್ರಸಾರ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಗಂಡ ಧರ್ಣಪ್ಪ ಧರ್ಮಸ್ಥಳದ ಲಾಡ್ಜಿನಲ್ಲಿ ಕೆಲಸಕ್ಕಿರುವವನು, ವಾರಕ್ಕೊಮ್ಮೆ ಬರುವವನು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಆಕೆಗೆ ಗೊತ್ತಿಲ್ಲದೆಯೇ ಬಾಯಲ್ಲಿ ಹಾಡು ಬಂತು.

ಬೇಲಿಯಾಚೆಯಿಂದ ಸೇಸಮ್ಮನ ತಲೆ ಎದ್ದಿತು.

"ಎಂತ ಹರಿಣಾಕ್ಷಿ, ಹಾಡ್ತಾ ಇದ್ದೀಯಾ? ಮಗು ಇವತ್ತು ಶಾಲೆಗೆ ಅಲ್ವಾ?"

"ಹೌದಕ್ಕ, ಹೊರಟೆವು."

"ನಿನಗೆ ಸಂಕಟ ಎಂತ ಆಗುದಿಲ್ವಾ ಮಾರಾಯ್ತಿ? ನನ್ನ ಮಗನನ್ನು ಶಾಲೆಗೆ ಬಿಟ್ಟ ದಿನ ನಾನು ಅತ್ತು ಅತ್ತು ಗಂಜಿ ಮುಟ್ಟಿರಲಿಲ್ಲ. ಮಗು ಮನೆ ಬಿಟ್ಟು ಹೋಗುವಾಗ ಹಾಡುವ ತಾಯಿಯನ್ನು ನಾನು ಇವತ್ತೇ ನೋಡಿದ್ದು!"

ಹರಿಣಾಕ್ಷಿ ಗಡಿಬಿಡಿಯಲ್ಲಿ ಫ್ಲಾಸ್ಕ್ ಕೆಳಗಿಟ್ಟಳು. ಸೇಸಮ್ಮನಿಗೂ ಬೆಳ್ತಂಗಡಿಯಲ್ಲಿರುವ ಅವಳ ಅತ್ತೆಗೂ ದಿನಾ ಫೋನು. ಇಲ್ಲಿ ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ಅಲ್ಲಿ ಅತ್ತೆ ನೀರು ಕುಡಿಯುತ್ತಾರೆ. ಸಂಜೆಯೊಳಗೆ 'ಮಗು ಹೋದದ್ದಕ್ಕೆ ಸೊಸೆ ಕುಣಿದಳಂತೆ' ಎಂದಾಗುವುದು ಖಂಡಿತ.

"ಸಂಕಟ ಇಲ್ಲದೆ ಉಂಟಾ ಅಕ್ಕ, ತಡ್ಕೊಳ್ಳಿಕ್ಕೆ ಹಾಡಿದ್ದು" ಎಂದಳು.

"ಹಾಗಾದ್ರೆ ನಾನೂ ಬರ್ತೇನೆ. ಹೋಗುವ" ಎಂದು ಸೇಸಮ್ಮ ಚಪ್ಪಲಿ ಮೆಟ್ಟಿಯೇ ಬಿಟ್ಟರು.

ಶಾಲೆಯಲ್ಲಿ ಪ್ರಾರಂಭೋತ್ಸವದ ಗಮ್ಮತ್ತು. ಮಾವಿನೆಲೆಯ ತೋರಣ, ಬಲೂನು, ದೊಡ್ಡ ಮಕ್ಕಳ ಬ್ಯಾಂಡು. ಶಾಲಾ ಸಮಿತಿಯ ಅಧ್ಯಕ್ಷ ಚನಿಯಪ್ಪನ ಕೈಯಲ್ಲಿ ಮೈಕು. ಮನ್ವಿತ್ ಬಲೂನು ಕಂಡವನೇ ತಾಯಿಯ ಕೈ ಕೊಡವಿ ಒಳಗೆ ಓಡಿದ, ತಿರುಗಿಯೂ ನೋಡಲಿಲ್ಲ. ಹರಿಣಾಕ್ಷಿಗೆ ಸಂತೋಷದಲ್ಲಿ ಅಲ್ಲೇ ಎರಡು ಹೆಜ್ಜೆ ಕುಣಿಯುವ ಅನಿಸಿತು. ಆದರೆ ಸುತ್ತ ನೋಡಿದರೆ ತಾಯಂದಿರೆಲ್ಲ ಸೆರಗು, ಶಾಲು ಕಣ್ಣಿಗೊತ್ತಿಕೊಂಡು ನಿಂತಿದ್ದಾರೆ. ಸೇಸಮ್ಮ ಗೇಟು ನೋಡುತ್ತಿಲ್ಲ, ಬ್ಯಾಂಡು ನೋಡುತ್ತಿಲ್ಲ, ಇವಳ ಮುಖವನ್ನೇ ನೋಡುತ್ತಿದ್ದಾರೆ.

ಅಳಬೇಕು. ಈಗಲೇ ಅಳಬೇಕು. ಸತ್ತು ಹೋದ ಅಜ್ಜಿಯನ್ನು ನೆನೆದಳು. ಅಜ್ಜಿ ಕಣ್ಣ ಮುಂದೆ ಬಂದು ಚಾ ಕುಡಿಯತೊಡಗಿದರು.

ಪಕ್ಕದಲ್ಲಿ ಗೆಳತಿ ಹಫ್ಸ ಮಾತ್ರ, ಮಗಳನ್ನು ಒಳಗೆ ಬಿಟ್ಟು ಹಲ್ಲು ಕಾಣುವಷ್ಟು ನಗುತ್ತಾ ನಿಂತಿದ್ದಳು. "ಅಬ್ಬ, ಬಚಾವ್! ನಾನು ಸೀದಾ ಹೋಗಿ ಮಲಗುದು. ಗೊತ್ತುಂಟಾ, ಇಲ್ಲಿನ ಆಯಾ ಗೇರುಬೀಜದ ಫ್ಯಾಕ್ಟರಿಗೆ ಸೇರಿದಳಂತೆ. ಮಾಸ್ಟ್ರು ಬೇರೆ ಜನ ಹುಡುಕ್ತಾ ನಮ್ಮ ಮನೆಗೂ ಬಂದಿದ್ರು. ನನಗೆ ಮನೆಯಲ್ಲಿರುವ ಒಂದೇ ಸಾಕು ಮಾಸ್ಟ್ರೇ, ಅಂದೆ."

"ಹಫ್ಸ, ನನಗೆ ಅಳು ಬರುದಿಲ್ಲ ಮಾರಾಯ್ತಿ! ಸೇಸಮ್ಮ ನೋಡ್ತಾ ಇದ್ದಾರೆ."

"ಅಷ್ಟೆಯಾ?" ಹಫ್ಸ ಬ್ಯಾಗಿನಿಂದ ತಲೆನೋವಿನ ಮುಲಾಮಿನ ಡಬ್ಬಿ ತೆಗೆದಳು. "ಕಣ್ಣಿನ ಕೆಳಗೆ ಒಂಚೂರು, ಹಾಂ. ಒಂಚೂರೇ."

ಹರಿಣಾಕ್ಷಿಗೆ ಅವಸರ. ಬೆರಳು ತುಂಬ ತೆಗೆದು ಬಳಿದುಕೊಂಡಳು.

ಅಯ್ಯಯ್ಯೋ! ಎರಡೂ ಕಣ್ಣುಗಳಿಂದ ನೀರು ಧಾರಾಕಾರವಾಗಿ ಇಳಿಯಿತು. ಒರೆಸಿದಷ್ಟೂ ಮುಲಾಮು ಒಳಗೆ ಹೋಗಿ ಉರಿ ಏರಿತು. ಆಕೆ ಗೇಟಿನ ಸರಳು ಹಿಡಿದು ಬಿಕ್ಕಿದಳು, ಮೂಗು ಸೊರ ಸೊರ ಎಂದಿತು, ಕೊನೆಗೆ ನೆಲದಲ್ಲೇ ಕೂತಳು. ಬ್ಯಾಂಡು ತನ್ನಷ್ಟಕ್ಕೆ ನಿಂತಿತು. ಸೇಸಮ್ಮ ಓಡಿ ಬಂದು ತಬ್ಬಿಕೊಂಡರು. "ನಾನು ನಿನ್ನನ್ನು ತಪ್ಪು ತಿಳ್ಕೊಂಡೆ ಮಗಾ! ಇಂಥ ತಾಯಿ ಈ ಊರಲ್ಲೇ ಇಲ್ಲ. ನಿನ್ನ ಅತ್ತೆಗೆ ಇವತ್ತೇ ಹೇಳ್ತೇನೆ."

ಉರಿಯ ನಡುವೆಯೂ ಹರಿಣಾಕ್ಷಿಗೆ ಗೆದ್ದೆ ಅನಿಸಿತು. ಗಂಟೆ ಇನ್ನೂ ಹತ್ತು. ಮುಖ ತೊಳೆದು ಹೊರಟರೆ ಕೊನೆಯ ಕಂತು ಪೂರ್ತಿ ಸಿಗುತ್ತದೆ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯ ಉದಯಶಂಕರ ಮಾಸ್ಟ್ರು ಕನ್ನಡಕ ಒರೆಸುತ್ತಾ ಬಂದರು. ಹರಿಣಾಕ್ಷಿಯನ್ನು ನೋಡಿದರು, ಚನಿಯಪ್ಪನ ಕಿವಿಯಲ್ಲಿ ಏನೋ ಹೇಳಿದರು. ಚನಿಯಪ್ಪನ ಮುಖ ಅರಳಿತು. ಮೈಕು ಬಾಯಿಗೆ ಬಂತು.

"ಹಲೋ, ಹಲೋ. ಮಾನ್ಯ ಪೋಷಕರೇ, ಮಗುವನ್ನು ಬಿಟ್ಟಿರಲಾರದ ಇಂಥ ತಾಯಿಯನ್ನು ಗೇಟಿನ ಹೊರಗೆ ನಿಲ್ಲಿಸುವ ಪಾಪ ನಮ್ಮ ಶಾಲೆಗೆ ಬೇಡ. ಆದ್ದರಿಂದ ಇವತ್ತಿನಿಂದ ನಮ್ಮ ಎಲ್‌ಕೆಜಿಗೆ ಆಯಾ ಆಗಿ ಶ್ರೀಮತಿ ಹರಿಣಾಕ್ಷಿಯವರನ್ನೇ ನೇಮಿಸುತ್ತಿದ್ದೇವೆ. ಬೆಳಗ್ಗಿನಿಂದ ಸಂಜೆವರೆಗೆ ಅವರು ಮಗನ ಜೊತೆಯಲ್ಲೇ ಇರಬಹುದು. ಚಪ್ಪಾಳೆ!"

ಚಪ್ಪಾಳೆ ಬಿತ್ತು. ಬ್ಯಾಂಡು ಮತ್ತೆ ಶುರುವಾಯಿತು.

"ಬೇಡ ಮಾಸ್ಟ್ರೇ! ಮನೆಯಲ್ಲಿ... ಮನೆಯಲ್ಲಿ ಕೆಲಸ ಉಂಟು!"

"ಎಂತ ಕೆಲಸ?" ಸೇಸಮ್ಮ ಗದರಿದರು. "ಕೀ ಕೊಡು, ಮನೆ ನಾನು ನೋಡ್ಕೊಳ್ತೇನೆ. ಮೊನ್ನೆಯ ಸಿಡಿಲಿಗೆ ನಮ್ಮ ಟಿವಿ ಹೋಗಿದೆ, ಕೊನೆಯ ಕಂತು ನಿಮ್ಮಲ್ಲೇ ಕೂತು ನೋಡಿದ ಹಾಗೂ ಆಯ್ತು."

ಬೆರಳಿಗೆ ಸಿಕ್ಕಿಸಿದ್ದ ಕೀಯನ್ನು ಅವರೇ ಬಿಡಿಸಿಕೊಂಡರು.

"ಅಕ್ಕ, ಫ್ಲಾಸ್ಕಿನಲ್ಲಿ ಚಾ..."

"ಹೌದಾ? ಶುಂಠಿ ಹಾಕಿದ್ದೀಯಾ? ಸುಮ್ಮನೆ ಹಾಳಾಗುದು ಬೇಡ, ನಾನು ಕುಡೀತೇನೆ."

"ನಾನು ಬರ್ತೇನೆ ಹಾಂ" ಎಂದು ಹಫ್ಸಳೂ ಆಕಳಿಸುತ್ತಾ ಹೋದಳು. ಮಾಸ್ಟ್ರು ಹರಿಣಾಕ್ಷಿಯನ್ನು ಒಳಗೆ ಕರೆದುಕೊಂಡು ಹೋದರು. ಹಿಂದಿನಿಂದ ಗೇಟು ಮುಚ್ಚಿತು. ಬೀಗವೂ ಬಿತ್ತು.

ಒಳಗೆ ಎಲ್‌ಕೆಜಿ ಬೊಬ್ಬೆ ಹೊಡೆಯುತ್ತಿತ್ತು. ಒಬ್ಬಳ ಚಡ್ಡಿ ಒದ್ದೆ, ಒಬ್ಬನ ಮೂಗು ಸೋರುತ್ತಿದೆ, ಇನ್ನೊಬ್ಬ ಬಂದವನೇ ಸೀರೆಯ ನೆರಿಗೆ ಹಿಡಿದು ಜೋತುಬಿದ್ದ. ಮುಲಾಮಿನ ಉರಿ ಆಗಲೇ ಆರಿತ್ತು. ಆದರೂ ಹರಿಣಾಕ್ಷಿಯ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಈ ಸಲ ಅವಳಿಗೆ ಯಾವ ಅಜ್ಜಿಯನ್ನೂ ನೆನೆಯಬೇಕಾಗಿರಲಿಲ್ಲ.

ಮನ್ವಿತ್ ಬಲೂನು ಬಿಟ್ಟು ಹತ್ತಿರ ಬಂದ. ಅಮ್ಮನ ಕೆನ್ನೆ ಒರೆಸಿ, ದೊಡ್ಡವನ ಹಾಗೆ ಹೇಳಿದ:

"ಅಳ್ಬೇಡ ಅಮ್ಮ. ಎರಡು ದಿನದಲ್ಲಿ ಅಭ್ಯಾಸ ಆಗ್ತದೆ."