ಹೆಚ್ಚುವರಿ ನೀರಿಗೆ ಕಾರಣ

ಹೆಂಡತಿ: ಆ ಫಲಕ ಚೀಲದಿಂದ ಹೊರಗೆ ತೆಗೆದ್ರೆ ನಾನು ಎದ್ದು ಮನೆಗೆ ಹೋಗ್ತೀನಿ, ಈಗಲೇ ಹೇಳಿದ್ದೀನಿ.

ಹನಿರಾಯ: ತೆಗೀತಿಲ್ಲ ಕಣೇ. ಒಂದು ಮೂಲೆ ಕಾಣೋ ಹಾಗೆ ಇಟ್ಕೊಂಡಿದ್ದೀನಿ, ಅಷ್ಟೆ. ಯಾರಾದ್ರೂ ತಾವಾಗೇ ಕೇಳಿದ್ರೆ ಹೇಳ್ಬೇಕಲ್ಲ.

ಹೆಂಡತಿ: ನೀರು ಉಳಿಸಿದ್ದಕ್ಕೆ ಕೊಟ್ಟ ಫಲಕ ಹಿಡ್ಕೊಂಡು ನೀರು ಸಾಲದು ಅಂತ ಕೇಳೋಕೆ ಬಂದಿರೋರು ಈ ಕಚೇರೀಲಿ ನೀವೊಬ್ರೇ.

ಮಾತು ಸುಳ್ಳಲ್ಲ. ಹೋದ ವರ್ಷ ಕಾಲುವೆಯಿಂದ ತನ್ನ ಪಾಲಿಗೆ ಬರುವ ಒಂಬತ್ತು ಸರದಿ ನೀರಿನಲ್ಲಿ ಮೂರನ್ನು ಬೇಡವೆಂದು ಬಿಟ್ಟುಕೊಟ್ಟ ಪುಣ್ಯಾತ್ಮ ಇವನೇ. ನೀರು ಬಳಕೆದಾರರ ಸಂಘದವರು ಕರೆದು ಫಲಕ ಕೊಟ್ಟರು. ಎರಡು ಮಾತು ಆಡಿ ಎಂದದ್ದೇ ತಪ್ಪಾಯಿತು, ಮುಕ್ಕಾಲು ಗಂಟೆ ಹನಿ ಹನಿಯ ಮಹಿಮೆ ಕೊರೆದ. ಅಂದಿನಿಂದ ಊರವರು ಅವನನ್ನು ಹನಿರಾಯ ಎನ್ನುತ್ತಾರೆ. ಅದು ಹೊಗಳಿಕೆ ಎಂದೇ ಅವನು ಬಹಳ ದಿನ ತಿಳಿದಿದ್ದ. ಈ ವರ್ಷ ಮಾತ್ರ ಒಂಬತ್ತು ಸರದಿಯೂ ಸಾಲದೆ ಸೌತೆ ಬಳ್ಳಿಗಳು ಜೋತುಬಿದ್ದಿವೆ. ಇನ್ನೂ ಮೂರು ಸರದಿ ಸಿಗದಿದ್ದರೆ ಹೂವೆಲ್ಲ ಉದುರಿ ಬೆಳೆ ಕೈಬಿಟ್ಟಂತೆಯೇ. ಅರ್ಜಿ ಕೊಡಲು ಇಂದೇ ಕಡೆಯ ದಿನ, ನಾಲ್ಕು ಗಂಟೆಗೆ ಕಿಟಕಿ ಮುಚ್ಚುತ್ತದೆ.

ಕಿಟಕಿಯ ಹಿಂದಿನ ಗುಮಾಸ್ತ ಅರ್ಜಿಯ ಮೇಲೆ ಬೆರಳು ಓಡಿಸಿ ಹನ್ನೊಂದನೇ ಕಲಮಿನ ಹತ್ತಿರ ನಿಲ್ಲಿಸಿದ.

ಗುಮಾಸ್ತ: ಹೆಚ್ಚುವರಿ ನೀರಿಗೆ ಕಾರಣ... ಬಿಸಿಲು ಅಂತ ಬರೆದಿದ್ದೀರಿ.

ಹನಿರಾಯ: ಹೌದು ಸ್ವಾಮಿ, ವಿಪರೀತ.

ಗುಮಾಸ್ತ: ನಿಮ್ಮ ಹೊಲಕ್ಕೆ ಮಾತ್ರ ಬಿದ್ದಿದೆಯಾ?

ಹನಿರಾಯ: ನಮ್ಮ ಕಡೆ ಸ್ವಲ್ಪ ಜಾಸ್ತಿ.

ಗುಮಾಸ್ತ: ಬೆಳಗ್ಗಿಂದ ಮೂವತ್ತು ಜನ ಇದನ್ನೇ ಬರೆದು ವಾಪಸ್ ಹೋದ್ರು. ಸರಿಯಾದ ಕಾರಣ ಇಲ್ಲದೆ ಸಾಹೇಬ್ರು ಸಹಿ ಹಾಕಲ್ಲ.

ಅವನು ಹಿಂದಿನ ವರ್ಷದ ದಪ್ಪ ಪುಸ್ತಕ ತೆಗೆದ. ಅದನ್ನು ಕಂಡು ಹನಿರಾಯ ಚೀಲದ ಬಾಯನ್ನು ಮೆಲ್ಲಗೆ ಮಡಚಿದ.

ಗುಮಾಸ್ತ: ಇದೇ ಹೊಲ, ಇದೇ ಸೌತೆ, ಹೋದ ವರ್ಷ ಆರೇ ಸರದೀಲಿ ಮುಗಿಸಿದ್ದೀರಿ. ಈ ವರ್ಷ ಹನ್ನೆರಡು ಬೇಕು. ಹೊಲ ಬೆಳೀತಾ?

ಹನಿರಾಯ: ಇಲ್ಲ.

ಗುಮಾಸ್ತ: ಮತ್ತೆ ಏನು ಹೆಚ್ಚಾಯ್ತು?

ಹೆಂಡತಿ: ಭಾಷಣ.

ಹನಿರಾಯ: ನೀನು ಸ್ವಲ್ಪ ಸುಮ್ನಿರೇ.

ಹೆಂಡತಿ: ಮೂರು ತಿಂಗಳಿಂದ ಸುಮ್ನಿದ್ದೀನಿ, ಬಳ್ಳಿ ಒಣಗ್ತಿದೆ. ನೋಡಿ ಸ್ವಾಮಿ, ನಮ್ಮ ಮೇಲಿನ ಹೊಲ ನಮ್ಮಣ್ಣಂದು. ಅವನ ಬದುವಿನಲ್ಲಿ ಏಡಿ ತೋಡಿದ ತೂತು ಒಂದಲ್ಲ, ಏಳು. ಅವನು ನೀರು ಕಟ್ಟಿದಾಗೆಲ್ಲ ಅರ್ಧ ನೀರು ನಮ್ಮ ಹೊಲಕ್ಕೇ ಇಳೀತಿತ್ತು. ಇವರು ಉಳಿಸಿದ್ದು ಅದನ್ನೇ.

ಗುಮಾಸ್ತ: ನಿಮಗೆ ಗೊತ್ತಿರಲಿಲ್ವಾ ಯಜಮಾನ್ರೇ?

ಹನಿರಾಯ: ನನ್ನ ಮಣ್ಣಿನ ಗುಣ ಅಂದ್ಕೊಂಡಿದ್ದೆ.

ಹೆಂಡತಿ: ಅಂದ್ಕೊಳ್ಳಲಿ ಬಿಡಿ. ವೇದಿಕೆ ಮೇಲೆ ನಿಂತು, ಕೆಲವರ ಬದು ಜರಡಿ ಇದ್ದ ಹಾಗಿದೆ, ಅಂಥವರಿಂದ ಊರಿನ ನೀರು ಪೋಲಾಗ್ತಿದೆ ಅಂದ್ರು. ಮುಂದಿನ ಸಾಲಲ್ಲೇ ನಮ್ಮಣ್ಣ ಕೂತಿದ್ದ. ಮಾರನೇ ದಿನ ಏಳು ತೂತನ್ನೂ ಮುಚ್ಚಿಬಿಟ್ಟ.

ಸಾಲಿನಲ್ಲಿ ಹಿಂದಿದ್ದವರು ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಹನಿರಾಯನಿಗೂ ಗೊತ್ತಾಯಿತು. ಬೇರೆಯವನ ನೀರು ಕುಡಿದು ಅವನಿಗೇ ಬುದ್ಧಿ ಹೇಳಿದವನು ತಾನು ಎಂದು ನೆನೆದು ಅವನಿಗೆ ಕಿವಿಯವರೆಗೂ ನಾಚಿಕೆಯಾಯಿತು.

ಗುಮಾಸ್ತ: ಕಾರಣ ಏನೋ ಸಿಕ್ತು. ಆದ್ರೆ ನಿಮ್ಮ ಕಾಲುವೇಲೇ ಯಾರಾದ್ರೂ ಸರದಿ ಬಿಟ್ಟುಕೊಟ್ಟಿದ್ರೆ ಮಾತ್ರ ನಿಮಗೆ ಕೊಡೋಕಾಗೋದು. ಇವತ್ತಿನವರೆಗೂ ಯಾರೂ ಬಿಟ್ಟಿಲ್ಲ.

ಹನಿರಾಯ: ಬಿಡೋಷ್ಟು ದಡ್ಡರು ಯಾರಿರ್ತಾರೆ ಸ್ವಾಮಿ?

"ನಾನಿದ್ದೀನಿ ಭಾವ" ಎಂದಿತು ಪಕ್ಕದ ಕಿಟಕಿಯಿಂದ ಒಂದು ದನಿ. ನೋಡಿದರೆ ಹೆಂಡತಿಯ ಅಣ್ಣ, ಕೈಯಲ್ಲಿ ಹಳದಿ ಅರ್ಜಿ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಹನಿರಾಯನಿಗೆ ಬೆಂಚಿನ ಕೆಳಗೆ ನುಸುಳಿಕೊಳ್ಳುವಷ್ಟು ಜಾಗವಿದ್ದರೆ ಸಾಕಿತ್ತು.

ಹನಿರಾಯ: ಭಾವ, ನೀವು ಯಾವಾಗ ಬಂದ್ರಿ?

ಭಾವ: ಬಿಸಿಲು ಅಂತ ಹೇಳ್ತಿದ್ರಲ್ಲ, ಆಗ್ಲೇ. ತೂತು ಮುಚ್ಚಿದ ಮೇಲೆ ನಂಗೆ ನೀರು ಮಿಕ್ಕುಬಿಡ್ತು. ಮೂರು ಸರದಿ ಬಿಟ್ಟುಕೊಡೋಣ ಅಂತ ಬಂದೆ.

ಹನಿರಾಯ: ನನ್ನ ಮೇಲೆ ಸಿಟ್ಟಿಲ್ವಾ?

ಭಾವ: ಮೊದಲು ಎರಡು ದಿನ ಇತ್ತು. ಆ ತೂತು ನಂಗೆ ಮುಂಚೆಯಿಂದ ಗೊತ್ತು, ತಂಗಿ ಹೊಲ ತಾನೆ ಅಂತ ಬಿಟ್ಟಿದ್ದೆ. ನೀವು ಅಷ್ಟು ಜನರ ಮುಂದೆ ಮುಚ್ಚಿ ಅಂದ್ರಲ್ಲ, ಓಹೋ, ಇವರಿಗೆ ನನ್ನ ನೀರು ಬೇಡವಾಯ್ತು ಅಂತ ತಿಳ್ಕೊಂಡೆ.

ಗುಮಾಸ್ತ ಹಳದಿ ಅರ್ಜಿಯನ್ನೂ ಬಿಳಿ ಅರ್ಜಿಯನ್ನೂ ಅಕ್ಕಪಕ್ಕ ಇಟ್ಟುಕೊಂಡ.

ಗುಮಾಸ್ತ: ಇವರು ನೀರು ಮಿಕ್ಕಿದ್ದಕ್ಕೆ ಕಾರಣ, ಭಾವನವರ ಭಾಷಣ ಅಂತ ಬರೆದಿದ್ದಾರೆ. ನಿಮಗೆ ಸಾಲದೆ ಬಂದಿದ್ದಕ್ಕೂ ಅದೇ. ಬರೀರಿ ಯಜಮಾನ್ರೇ, ನಿಮ್ಮ ಕೈಯಲ್ಲೇ.

ದಾರ ಕಟ್ಟಿದ ಪೆನ್ನು ಹಿಡಿದು ಹನಿರಾಯ "ಬಿಸಿಲು" ಎಂಬುದನ್ನು ಹೊಡೆದುಹಾಕಿದ. ಮೇಲೆ ಬರೆದ: "ನನ್ನ ಭಾಷಣ." ಇಷ್ಟು ಚಿಕ್ಕದಾಗಿ ಅವನು ಜನ್ಮದಲ್ಲಿ ಮುಗಿಸಿರಲಿಲ್ಲ.

ಗುಮಾಸ್ತ: ಕಾರಣಕ್ಕೆ ದಾಖಲೆ ಬೇಕು.

ಹನಿರಾಯ: ಭಾಷಣಕ್ಕೆ ದಾಖಲೆ ಎಲ್ಲಿಂದ ತರಲಿ ಸ್ವಾಮಿ? ಗಂಟೆ ಮೂರೂ ಮುಕ್ಕಾಲು.

ಹೆಂಡತಿ ಚೀಲಕ್ಕೆ ಕೈ ಹಾಕಿ ಫಲಕವನ್ನು ತಾನೇ ಹೊರಗೆಳೆದಳು, ಬೆನ್ನು ಮೇಲೆ ಮಾಡಿ ಗುಮಾಸ್ತನ ಮುಂದಿಟ್ಟಳು. ಹಿಂದೆ ಆ ಸಭೆಯ ಆಮಂತ್ರಣ ಪತ್ರಿಕೆ ಅಂಟಿಸಿತ್ತು. "ಮಾದರಿ ರೈತರಿಂದ ಭಾಷಣ" ಎಂಬ ಸಾಲಿನ ಕೆಳಗೆ ಹನಿರಾಯ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದ.

ಗುಮಾಸ್ತ: ಇದು ಸಾಕು. ಮುಂಭಾಗ ಬೇಡ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಎರಡು ಅರ್ಜಿಗೂ ಮೊಹರು ಬಿತ್ತು. ಮೂವರೂ ಮೆಟ್ಟಿಲಿಳಿದರು. ಭಾವ ಸಂಕೋಚದಿಂದ ತಲೆ ಕೆರೆದುಕೊಂಡ.

ಭಾವ: ಸರದಿ ಬಿಟ್ಟಿದ್ದು ನಾನೊಬ್ನೇ ಅಲ್ವಾ, ನೀರು ಉಳಿಸಿದ್ದಕ್ಕೆ ಈ ವರ್ಷದ ಫಲಕ ನಂಗೇ ಅಂತ ಆ ಕಿಟಕಿಯವರು ಹೇಳಿದ್ರು ಭಾವ. ಭಾಷಣ ಮಾಡ್ಬೇಕಂತೆ. ನಂಗೆಲ್ಲಿ ಬರತ್ತೆ, ನೀವೇ ಬರೆದುಕೊಡಿ.

ಹೆಂಡತಿ ಗಂಡನ ಮುಖ ನೋಡಿದಳು. ಹನಿರಾಯ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡ.

ಹನಿರಾಯ: ಬರೆದುಕೊಡ್ತೀನಿ ಭಾವ. ಮೊದಲು ನಿಮ್ಮ ಮೇಲಿನ ಹೊಲದವರ ಬದು ಒಂದ್ಸಲ ನೋಡ್ಕೊಂಡು ಬನ್ನಿ.